ಬೀದಿ ಅಂಚಿನ ಐದಡಿ

ಪೇಟೆಯ ಯಾವುದೇ ದೊಡ್ಡ ಬೀದಿಯನ್ನು ಅಡ್ಡಲಾಗಿ ಅಳೆಯುತ್ತ ಹೋದರೆ ಜಗಳವೆಲ್ಲ ಒಂದೇ ಕಡೆ ಗುಂಪುಗೂಡಿರುವುದು ಕಾಣುತ್ತದೆ. ಡಾಂಬರು ಮುಗಿಯುವಲ್ಲಿಂದ ಅಂಗಡಿಯ ಷಟರಿನವರೆಗಿನ ಐದಾರು ಅಡಿ ಜಾಗವದು. ಮರ ನಿಂತಿರುವುದು ಅಲ್ಲಿ, ದೀಪದ ಕಂಬ ಅಲ್ಲಿ, ಟ್ರಾನ್ಸ್‌ಫಾರ್ಮರ್ ಅಲ್ಲಿ, ಕೇಬಲ್ಲಿನವರು ಸುತ್ತಿಟ್ಟು ಮರೆತುಹೋದ ಕಪ್ಪು ತಂತಿಯ ಸಿಂಬಿಯೂ ಅಲ್ಲೇ. ಕೆಳಗೆ ಚರಂಡಿ, ಅದರ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು. ಮೇಲೆ ಎಳನೀರಿನ ಗಾಡಿ, ಸಾಲಾಗಿ ನಿಲ್ಲಿಸಿದ ಸ್ಕೂಟರು, ಇವೆಲ್ಲದರ ನಡುವೆ ಮೈ ಓರೆ ಮಾಡಿ ನುಸುಳುವ ಜನ. ನಡೆಯುವವರಿಗೆಂದೇ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಬಿಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ಸುಮಾರು ಆರಡಿ. ಎಷ್ಟೋ ಬೀದಿಗಳಲ್ಲಿ ಇರುವ ಜಾಗವೇ ಒಟ್ಟು ಅಷ್ಟು.

ಈ ಸಾಲಿಗೆ ಈಚೆಗೆ ಇನ್ನೊಬ್ಬ ಅರ್ಜಿದಾರ ಸೇರಿಕೊಂಡಿದ್ದಾನೆ: ಮಳೆನೀರಿನ ಪಾತಿ. ರಸ್ತೆಯ ಮಟ್ಟಕ್ಕಿಂತ ತಗ್ಗಿನಲ್ಲಿ, ಸುತ್ತ ಗೋಡೆ ಕಟ್ಟಿದ ಉದ್ದನೆಯ ಪಾತಿ ಅದು. ಕರ್ಬ್ ಕಲ್ಲಿನಲ್ಲಿ ಕಿಂಡಿ ಬಿಟ್ಟು ರಸ್ತೆಯ ನೀರನ್ನು ಅದರೊಳಕ್ಕೆ ಹರಿಸುತ್ತಾರೆ. ಇಂಗುವಷ್ಟು ಇಂಗಿ, ಮಿಕ್ಕಿದ್ದು ಮುಂದಿನ ಪಾತಿಗೋ ಚರಂಡಿಗೋ ಹೋಗುತ್ತದೆ. ನಗರ ವಿನ್ಯಾಸಕಾರರು ಬರೆದು ತರುವ ಚಿತ್ರಗಳಲ್ಲಿ ಈಗ ಮರ, ದೀಪ, ಪಾತಿ ಮೂರೂ ಒಟ್ಟಿಗೇ ಇರುತ್ತವೆ. ಕಡತಗಳಲ್ಲಿ ಮಾತ್ರ ಬೇರೆಬೇರೆ. ಮರ ಅರಣ್ಯ ವಿಭಾಗದ್ದು, ದೀಪ ವಿದ್ಯುತ್ ವಿಭಾಗದ್ದು, ನೀರು ಮಳೆನೀರುಗಾಲುವೆಯವರದ್ದು, ಇವು ಮೂರೂ ನಿಂತ ಕಲ್ಲುಹಾಸು ರಸ್ತೆಯವರದ್ದು. ಪೇಟೆಬೀದಿಗಳನ್ನು ಸುಧಾರಿಸಲು ಹೊರಟ ಊರುಗಳು ಕಳೆದ ಮೂವತ್ತು ವರ್ಷಗಳಲ್ಲಿ ಕಲಿತದ್ದನ್ನು ಒಟ್ಟು ಸೇರಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ಇವೆಲ್ಲ ಒಂದೇ ಕೆಲಸ, ಆ ಕೆಲಸದ ಮುಕ್ಕಾಲು ಪಾಲು ನೆಲದ ಅಡಿಯಲ್ಲಿದೆ. ನಾವು ಹಣ ಸುರಿಯುವುದು ಮೇಲಿನ ಕಾಲು ಭಾಗಕ್ಕೆ.

ಪಾತಿಯ ಕತೆಯಿಂದಲೇ ಶುರುಮಾಡಬೇಕು, ಏಕೆಂದರೆ ಮೂರರಲ್ಲಿ ಹೊಸದು ಅದು. ರಸ್ತೆಯ ನೀರನ್ನು ಗಿಡ ಮತ್ತು ಮಣ್ಣಿನ ಮೂಲಕ ಹಾಯಿಸುವ ಪ್ರಯೋಗ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ 1990ರ ದಶಕದ ಆರಂಭದಲ್ಲಿ ರೂಪು ಪಡೆಯಿತು. ಸಿಯಾಟಲ್ ನಗರ 2001ರಲ್ಲಿ ಒಂದು ವಸತಿ ಬೀದಿಯನ್ನೇ ಅಂಕುಡೊಂಕು ಮಾಡಿ, ಎರಡೂ ಬದಿಗೆ ತಗ್ಗು ತೆಗೆದು ಗಿಡ ನೆಟ್ಟಿತು. ಆ ಬೀದಿಯಿಂದ ಹೊರಗೆ ಹರಿದುಹೋಗುತ್ತಿದ್ದ ಮಳೆನೀರು ಹೆಚ್ಚುಕಡಿಮೆ ಪೂರ್ತಿ ನಿಂತಿತು. ಆದರೆ ಮನೆಗಳ ಬೀದಿಯಲ್ಲಿ ಜಾಗ ಧಾರಾಳ. ಪೇಟೆಯ ಇಕ್ಕಟ್ಟಿನಲ್ಲಿ ಇದು ನಡೆಯುತ್ತದೆಯೇ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಪೋರ್ಟ್‌ಲ್ಯಾಂಡಿನಲ್ಲಿ. ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯ ಪಕ್ಕ, 12ನೇ ಅವೆನ್ಯೂದಲ್ಲಿ, 2005ರಲ್ಲಿ ನಾಲ್ಕೇ ನಾಲ್ಕು ಪಾತಿ ಕಟ್ಟಿದರು. ಮರುವರ್ಷ ಅಮೆರಿಕದ ಭೂದೃಶ್ಯ ವಿನ್ಯಾಸಕಾರರ ಸಂಘ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಆಮೇಲೆ ಜಗತ್ತಿನ ಕೈಪಿಡಿಗಳಲ್ಲೆಲ್ಲ ಅದರ ಫೋಟೋ.

ಆ ನಾಲ್ಕು ಪಾತಿಗಳ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಸ್ತೆಯ ಅಂಚಿನಲ್ಲಿ ಹರಿದುಬರುವ ನೀರು ಒಂದಡಿ ಅಗಲದ ಕಿಂಡಿಯಿಂದ ಮೊದಲ ಪಾತಿಗೆ ಇಳಿಯುತ್ತದೆ. ಅಲ್ಲಿ ಆರಂಗುಲ ನಿಂತ ಮೇಲೆ ಇನ್ನೊಂದು ಕಿಂಡಿಯಿಂದ ಹೊರಬಂದು, ಅಂಚಿನಲ್ಲೇ ಹರಿದು ಎರಡನೆಯದಕ್ಕೆ, ಅದು ತುಂಬಿದ ಮೇಲೆ ಮೂರನೆಯದಕ್ಕೆ. ನಾಲ್ಕೂ ತುಂಬಿದರೆ ಮಾತ್ರ ಕೊನೆಗೆ ಹಳೆಯ ಚರಂಡಿ. ನಮ್ಮ ಕೆರೆಗಳ ಸರಣಿಯೂ ಹೀಗೇ, ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಕಾರು ನಿಲ್ಲಿಸಿದವರು ಬಾಗಿಲು ತೆರೆದು ನೇರ ಪಾತಿಗೆ ಬೀಳದಂತೆ ಪಾತಿಗೂ ಪಾರ್ಕಿಂಗಿಗೂ ನಡುವೆ ಮೂರಡಿ ಹಾಸು ಬಿಟ್ಟಿದ್ದಾರೆ, ನೀರು ಅದರ ಅಡಿಯಿಂದ ಜಾಲರಿ ಮುಚ್ಚಿದ ತೋಡಿನಲ್ಲಿ ಹೋಗುತ್ತದೆ. ಕೋಲು ಹಿಡಿದು ನಡೆಯುವ ಕುರುಡರಿಗೆ ತಿಳಿಯಲೆಂದು ಪಾತಿಯ ಅಂಚು ನಾಲ್ಕಂಗುಲ ಎದ್ದಿದೆ. ಈ ನಾಲ್ಕು ಪಾತಿಗಳು ವರ್ಷಕ್ಕೆ ಸುಮಾರು 1.8 ಲಕ್ಷ ಗ್ಯಾಲನ್, ಅಂದರೆ ಆರೂಮುಕ್ಕಾಲು ಲಕ್ಷ ಲೀಟರಿನಷ್ಟು ನೀರನ್ನು ಹಿಡಿಯುತ್ತವೆ ಎಂದು ನಗರದವರು ಅಂದಾಜು ಮಾಡಿದ್ದರು. ಪಾತಿಯ ಸೊಗಸಿಗಿಂತ ಆ ಮೂರಡಿ ಹಾಸು ಮತ್ತು ನಾಲ್ಕಂಗುಲದ ಅಂಚೇ ನನಗೆ ಹೆಚ್ಚು ಕಲಿಸುತ್ತವೆ. ಬೀದಿ ಬಳಸುವವರ ಕಾಲು ಎಲ್ಲಿ ಬೀಳುತ್ತದೆ ಎಂದು ಯಾರೋ ಕೂತು ಯೋಚಿಸಿದ್ದಾರೆ.

ಪೋರ್ಟ್‌ಲ್ಯಾಂಡಿಗೆ ಈ ಉಸಾಬರಿ ಏಕೆ ಬೇಕಾಗಿತ್ತು? ಹಳೆಯ ಅಮೆರಿಕನ್ ನಗರಗಳಲ್ಲಿ ಶೌಚದ ನೀರಿಗೂ ಮಳೆನೀರಿಗೂ ಒಂದೇ ಕೊಳವೆ. ಜೋರು ಮಳೆ ಬಂದರೆ ಎರಡೂ ಸೇರಿ ಉಕ್ಕಿ ನದಿಗೆ. ವಿಲಾಮೆಟ್ ನದಿಯನ್ನು ಉಳಿಸಲು ಪೋರ್ಟ್‌ಲ್ಯಾಂಡ್ 140 ಕೋಟಿ ಡಾಲರ್ ಸುರಿದು ಭಾರಿ ಸುರಂಗ ಕೊಳವೆಗಳನ್ನು ಹಾಕಿ 2011ರಲ್ಲಿ ಮುಗಿಸಿತು. ಕೊಳವೆಗೆ ಹೋಗುವ ನೀರನ್ನು ಬೀದಿಯಲ್ಲೇ ತಡೆದಷ್ಟೂ ಆ ಹೂಡಿಕೆಗೆ ಹೆಚ್ಚು ಆಯುಷ್ಯ. ಫಿಲಡೆಲ್ಫಿಯಾ ಅದೇ ವರ್ಷ ಇನ್ನೂ ದಿಟ್ಟವಾಗಿ, 25 ವರ್ಷಗಳ ಯೋಜನೆ ಹಾಕಿಕೊಂಡು, ಸುರಂಗಕ್ಕಿಂತ ಪಾತಿ, ಮರದ ಗುಂಡಿ, ಇಂಗುಹಾಸುಗಳನ್ನೇ ಮುಖ್ಯ ಮಾಡಿಕೊಂಡಿತು. ಹಾಗಾಗಿ ಅಲ್ಲೆಲ್ಲ ಪಾತಿ ಎಂದರೆ ಅಲಂಕಾರದ ಬಾಬ್ತಲ್ಲ, ಒಳಚರಂಡಿ ಇಲಾಖೆಯ ಖರ್ಚು. ದುಡ್ಡು ಎಲ್ಲಿಂದ ಬರುತ್ತದೆ ಎಂಬುದೇ ಅದರ ಹಣೆಬರಹವನ್ನು ಬರೆಯಿತು.

ಈಗ ಬೆಂಗಳೂರಿಗೆ ಬರೋಣ. ವರ್ಷದ ಒಟ್ಟು ಲೆಕ್ಕದಲ್ಲಿ ಪೋರ್ಟ್‌ಲ್ಯಾಂಡ್, ಬೆಂಗಳೂರು ಎರಡೂ ಊರಿನ ಮಳೆ ಹೆಚ್ಚುಕಡಿಮೆ ಸಮ, ಬೆಂಗಳೂರಿನದು ಸುಮಾರು 970 ಮಿಲಿಮೀಟರ್. ಆದರೆ ಅಲ್ಲಿನ ಮಳೆ ಚಳಿಗಾಲದುದ್ದಕ್ಕೂ ಜಿನುಗುತ್ತದೆ, ಇಲ್ಲಿನದು ಮೇ ತಿಂಗಳಿಂದ ಅಕ್ಟೋಬರಿನ ತನಕ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಒಂದು ಗಂಟೆಯಲ್ಲಿ ಸುರಿದು ಮುಗಿಸುತ್ತದೆ. ಆದ್ದರಿಂದ ಪಾತಿ ಎಷ್ಟು ಹಿಡಿಯಬಲ್ಲದು ಎಂಬ ಲೆಕ್ಕವನ್ನು ಇಲ್ಲಿಯ ಮಳೆಗೇ ಹಾಕಬೇಕು.

ಮುನ್ನೂರು ಮೀಟರ್ ಉದ್ದ, ಫುಟ್‌ಪಾತ್ ಸೇರಿ ಹದಿನೈದು ಮೀಟರ್ ಅಗಲದ ಒಂದು ಬೀದಿಯನ್ನು ತೆಗೆದುಕೊಳ್ಳಿ. ಅದರ ಮೇಲೆ ವರ್ಷಕ್ಕೆ ಬೀಳುವ ನೀರು ನಲವತ್ತಮೂರು ಲಕ್ಷ ಲೀಟರಿಗೂ ಮಿಗಿಲು. ಅಲ್ಲಿ ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಇಪ್ಪತ್ತು ಪಾತಿ ಮಾಡಿದಿರಿ ಅನ್ನಿ. ಮೇಲೆ ಆರಂಗುಲ ನಿಲ್ಲುವ ನೀರು, ಕೆಳಗೆ ಎರಡಡಿ ಮಣ್ಣಿನ ಸಂದುಗಳಲ್ಲಿ ಸೇರುವ ನೀರು ಎಲ್ಲ ಕೂಡಿ ಒಂದೊಂದು ಪಾತಿಗೆ ಎರಡು ಸಾವಿರ ಲೀಟರು, ಒಟ್ಟು ನಲವತ್ತು ಸಾವಿರ. ಹತ್ತು ಮಿಲಿಮೀಟರ್ ಮಳೆಯಾದರೆ ಬೀದಿಯ ನೀರಿನ ಬಹುಪಾಲನ್ನು ಈ ಪಾತಿಗಳು ನುಂಗಿಕೊಳ್ಳುತ್ತವೆ. ಒಂದಿಂಚು ಮಳೆಗೆ ಸುಮಾರು ಮೂರರಲ್ಲೊಂದು ಪಾಲು. ಅರವತ್ತು ಮಿಲಿಮೀಟರ್ ಹೊಡೆದರೆ ಏಳರಲ್ಲೊಂದು ಪಾಲು, ಅಷ್ಟೇ.

ಈ ಲೆಕ್ಕ ಎರಡೂ ಪಂಗಡದವರಿಗೆ ಬೇಕು. ಪಾತಿ ಕಟ್ಟಿದರೆ ಬೆಂಗಳೂರಿನ ಪ್ರವಾಹ ನಿಲ್ಲುತ್ತದೆ ಎನ್ನುವವರು 2022ರ ಸೆಪ್ಟೆಂಬರನ್ನು ನೆನೆಯಲಿ. ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ ಆ ನೀರು ಕೆರೆ, ರಾಜಕಾಲುವೆ ಒತ್ತುವರಿಯ ಪ್ರಶ್ನೆ, ಬೀದಿಯಂಚಿನ ಪಾತಿಗೆ ಅದರ ಮುಂದೆ ಮಾತಿಲ್ಲ. ಚೀನಾದ ಝೆಂಗ್‌ಝೌ ‘ಸ್ಪಂಜಿನ ನಗರ’ ಎನಿಸಿಕೊಳ್ಳಲು ದೊಡ್ಡ ಮೊತ್ತ ಖರ್ಚು ಮಾಡಿತ್ತು. 2021ರ ಜುಲೈನಲ್ಲಿ ಅಲ್ಲಿ ಒಂದೇ ಗಂಟೆಗೆ 200 ಮಿಲಿಮೀಟರ್ ಮಳೆ ಬಿದ್ದಾಗ ಮೆಟ್ರೋ ಸುರಂಗದಲ್ಲೇ ಜನ ಸತ್ತರು. ಹಾಗಾದರೆ ಪಾತಿಯಿಂದ ಉಪಯೋಗವೇ ಇಲ್ಲ ಎನ್ನುವವರಿಗೆ ನನ್ನ ಉತ್ತರ ಹತ್ತು ಮಿಲಿಮೀಟರಿನದು. ವರ್ಷದ ಮಳೆದಿನಗಳಲ್ಲಿ ಹೆಚ್ಚಿನವು ಸಣ್ಣ ಮಳೆಯವೇ. ಮಳೆಯ ಮೊದಲ ನೀರೇ ಅತ್ಯಂತ ಹೊಲಸು ಕೂಡ. ಟೈರಿನ ಪುಡಿ, ಬ್ರೇಕಿನ ಧೂಳು, ಎಣ್ಣೆ, ಸತು, ಎಲ್ಲವೂ ಅದರಲ್ಲಿ. ಟೈರು ಬೇಗ ಹಾಳಾಗದಿರಲೆಂದು ಬೆರೆಸುವ ಒಂದು ರಾಸಾಯನಿಕದಿಂದ ಹುಟ್ಟುವ ವಿಷವೇ ಅಮೆರಿಕದ ಪಶ್ಚಿಮ ತೀರದ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು 2020ರಲ್ಲಿ ಗೊತ್ತಾಯಿತು. ರಸ್ತೆಯ ನೀರನ್ನು ಮಣ್ಣಿನ ಪದರದಲ್ಲಿ ಹಾಯಿಸಿದರೆ ಆ ನೀರಲ್ಲಿ ಮೀನು ಬದುಕುತ್ತದೆ ಎಂದೂ ಅಲ್ಲಿನವರೇ ತೋರಿಸಿದರು. ನಮ್ಮ ರಾಜಕಾಲುವೆಯಲ್ಲಿ ಸಾಯಲು ಮೀನೇ ಉಳಿದಿಲ್ಲ, ಅದು ಬೇರೆ ಮಾತು.

ಆ ‘ಬೇರೆ ಮಾತೇ’ ಇಲ್ಲಿ ದೊಡ್ಡ ತೊಡಕು. ಬೆಂಗಳೂರಿನಲ್ಲಿ ಕಾಗದದ ಮೇಲೆ ಮಳೆನೀರಿಗೂ ಕೊಳಚೆಗೂ ಬೇರೆಬೇರೆ ದಾರಿ. ನೆಲದ ಮೇಲೆ ಹೋಟೆಲಿನ ಪಾತ್ರೆ ತೊಳೆದ ನೀರು, ಎಣ್ಣೆಜಿಡ್ಡು, ಕೆಲವು ಕಡೆ ಅದಕ್ಕಿಂತ ಕೆಟ್ಟದ್ದು, ಎಲ್ಲ ಬೀದಿಬದಿಯ ಮೋರಿಗೇ. ಅಂಥ ಬೀದಿಯಲ್ಲಿ ಪಾತಿ ಕಟ್ಟಿದರೆ ವರ್ಷವಿಡೀ ಕೊಳಚೆ ಕುಡಿದು ನಾರುತ್ತದೆ. ಕಳ್ಳ ಸಂಪರ್ಕಗಳನ್ನು ಪತ್ತೆಹಚ್ಚಿ ಮುಚ್ಚುವುದು ಮೊದಲ ಕೆಲಸ, ಅದನ್ನು ಮಾಡದೆ ಲಾವಂಚ ನೆಟ್ಟು ಫೋಟೋ ತೆಗೆಸಿಕೊಳ್ಳಬಾರದು. ಎರಡನೆಯ ತೊಡಕು ಹೂಳು. ಎಲ್ಲೆಲ್ಲೂ ಕಟ್ಟಡ ಏಳುತ್ತಿರುವ ಊರು ಇದು, ರಸ್ತೆಯಂಚಿನಲ್ಲಿ ಎಂ-ಸ್ಯಾಂಡಿನ ರಾಶಿ ಇಲ್ಲದ ಓಣಿಯಿಲ್ಲ. ಒಂದು ಜೋರು ಮಳೆಗೆ ಆ ಮರಳೆಲ್ಲ ಕಿಂಡಿಯಲ್ಲಿ ಬಂದು ಕೂರುತ್ತದೆ. ಅದಕ್ಕೇ ಕಿಂಡಿಯ ಒಳಬದಿಗೆ ಮೊದಲ ಎರಡಡಿ ಮಣ್ಣು ಬಿಟ್ಟು ಕಲ್ಲುಹಾಸಿನ ಸಣ್ಣ ತೊಟ್ಟಿ ಮಾಡಬೇಕು, ಸನಿಕೆ ಹಾಕಿ ಎತ್ತಲು ಬರುವಂತೆ. ಸೊಳ್ಳೆಯ ಭಯವನ್ನು ಎಲ್ಲರೂ ಎತ್ತುತ್ತಾರೆ, ಅದಕ್ಕೆ ಉತ್ತರ ಸುಲಭ: ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಆಸುಪಾಸು ಬೇಕು, ಸರಿಯಾಗಿ ಕಟ್ಟಿದ ಪಾತಿ ಎರಡು ದಿನದೊಳಗೆ ಒಣಗುತ್ತದೆ. ಡೆಂಗೆ ವಿಷಯದಲ್ಲಿ ಕಟ್ಟುನಿಟ್ಟಾದ ಸಿಂಗಪುರವೇ 2006ರಿಂದ ಇಂಥವನ್ನು ಕಟ್ಟಿಕೊಂಡು ಬಂದಿದೆ.

ಮಣ್ಣಿನ ಮಾತು ಊರಿಗೊಂದು. ಬೆಂಗಳೂರಿನ ಕೆಂಪುಮಣ್ಣು ನೀರನ್ನು ಒಪ್ಪಿಕೊಳ್ಳುತ್ತದೆ. ಕಲಬುರಗಿ, ವಿಜಯಪುರದ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಅಂಗಡಿಯ ಪಾಯದ ಪಕ್ಕ ನೀರು ಇಂಗಿಸಹೋದರೆ ಗೋಡೆ ಸೀಳುವುದು ಖಚಿತ, ಹಾಗಾಗಿ ಪಾತಿಗೆ ತಳ-ಬದಿಗಳನ್ನು ಮುಚ್ಚಿ, ಅಡಿಯಲ್ಲಿ ತೂತುಕೊಳವೆ ಹಾಕಿ ಸೋಸಿದ ನೀರನ್ನು ಹೊರಗೊಯ್ಯಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಆಟಿ ತಿಂಗಳಿಡೀ ಪಾತಿ ತುಂಬಿಯೇ ಇರುತ್ತದೆ, ಅಲ್ಲಿ ಅದು ಸೋಸುವ ಜರಡಿ ಮಾತ್ರ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ರಾಜ್ಯದ ಏಳು ನಗರಗಳಿದ್ದವು, ಬೀದಿಯ ನಕ್ಷೆಗಳು ಮಾತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು.

ಬೆಂಗಳೂರಿಗೆ ಇನ್ನೊಂದು ಅನುಕೂಲವಿದೆ, ಪೋರ್ಟ್‌ಲ್ಯಾಂಡಿಗಿಲ್ಲದ್ದು: ಬಾವಿ ತೋಡುವ ಮಣ್ಣು ವಡ್ಡರು. ಮೂರಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳದ ಇಂಗುಬಾವಿಗೆ ಸಿಮೆಂಟು ಉಂಗುರ ಇಳಿಸುವುದು ಅವರಿಗೆ ಕರಗತ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಮತ್ತೆ ಜೀವ ತಂದವರು ಅವರೇ, ಜಲತಜ್ಞ ಎಸ್. ವಿಶ್ವನಾಥ್ ಮತ್ತು ಬಯೋಮ್ ಸಂಸ್ಥೆಯವರು ಹಚ್ಚಿದ ಬಾವಿ ಅಭಿಯಾನದಲ್ಲಿ ದುಡಿದವರೂ ಅವರೇ. ಆದರೆ ರಸ್ತೆಯ ನೀರನ್ನು ನೇರ ಬಾವಿಗೆ ಬಿಡುವುದೆಂದರೆ ಅಂತರ್ಜಲಕ್ಕೆ ಎಣ್ಣೆ ಸುರಿದಂತೆ. ಮೊದಲು ಪಾತಿ, ಅದರಲ್ಲಿ ಸೋಸಿ ಇಳಿದ ನೀರಿಗೆ ಕೊನೆಯಲ್ಲಿ ಬಾವಿ, ಈ ಜೋಡಿ ನಮಗೆ ಹೇಳಿ ಮಾಡಿಸಿದ್ದು. ಒಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡಬೇಕು. 2009ರಿಂದ ಬೆಂಗಳೂರಿನಲ್ಲಿ 2,400 ಚದರಡಿ ಹಾಗೂ ಅದಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೆ ಮಳೆಕೊಯ್ಲು ಕಡ್ಡಾಯ, ಮಾಡದವರಿಗೆ ದಂಡ. ಊರಿನ ಅತಿ ದೊಡ್ಡ ನಿವೇಶನದಾರ ಎಂದರೆ ರಸ್ತೆ. ಅದಕ್ಕೆ ಅಂಥ ದಂಡದ ಭಯವಿಲ್ಲ.

ಮರದ ವಿಷಯಕ್ಕೆ ಬಂದರೆ ಬೆಂಗಳೂರು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾದ ಊರಾಗಿರಲಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಹದಿನೈದು ಲಕ್ಷ ಸಸಿಗಳನ್ನು ನೆಡಿಸಿದರು. ಆ ಮರಗಳು ಮಾಡುತ್ತಿರುವ ಕೆಲಸವನ್ನು ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಅಳೆದು 2013ರಲ್ಲಿ ಪ್ರಕಟಿಸಿದರು: ಬೆಂಗಳೂರಿನಲ್ಲಿ ಮರವಿರುವ ರಸ್ತೆತುಂಡಿನಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪು, ರಸ್ತೆಯ ಮೈ 27.5 ಡಿಗ್ರಿಯವರೆಗೆ ತಂಪು. ಇಷ್ಟು ಕೆಲಸ ಮಾಡುವ ಯಂತ್ರ ಬೇರೆ ಯಾವುದೂ ಇಲ್ಲ. ಇಕ್ಕೆಲದಲ್ಲೂ ಎತ್ತರದ ಕಟ್ಟಡವಿರುವ ಕಿರಿದಾದ ಬೀದಿಯಲ್ಲಿ ಒತ್ತೊತ್ತಾದ ಕೊಂಬೆಗಳು ವಾಹನದ ಹೊಗೆಯನ್ನು ಕೆಳಗೇ ಹಿಡಿದಿಡುತ್ತವೆ ಎಂಬ ಯೂರೋಪಿನ ಅಧ್ಯಯನಗಳೂ ಇವೆ. ಅಂಥಲ್ಲಿ ಮರಗಳ ನಡುವೆ ಅಂತರ ಹೆಚ್ಚಿಸಬೇಕು, ಅದಕ್ಕಿಂತ ಮೊದಲು ವಾಹನ ಕಡಿಮೆ ಮಾಡಬೇಕು.

ಆದರೂ ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳ ಮೊದಲ ಗಾಳಿಮಳೆಗೆ ಮರಗಳು ಉರುಳುತ್ತವೆ, ಕಾರಿನ ಮೇಲೆ ಬೀಳುತ್ತವೆ, ಕೆಲವೊಮ್ಮೆ ಜೀವ ಹೋಗುತ್ತದೆ. ಮರುದಿನ ಪತ್ರಿಕೆಗಳಲ್ಲಿ ಗುಲ್‌ಮೊಹರ್, ನೀರುಕಾಯಿ ಮರಗಳಂಥ ಮೆದು ಕಟ್ಟಿಗೆಯ ಜಾತಿಗಳ ಮೇಲೆ ತಪ್ಪು ಹೊರಿಸಲಾಗುತ್ತದೆ. ಜಾತಿಯ ಪಾತ್ರ ಇಲ್ಲದಿಲ್ಲ. ಬಿದ್ದ ಮರದ ಬುಡವನ್ನು ಬಗ್ಗಿ ನೋಡಿದರೆ ಇನ್ನೊಂದು ಸತ್ಯ ಕಾಣುತ್ತದೆ: ಒಂದು ಬದಿಯ ಬೇರೆಲ್ಲ ಗರಗಸದಲ್ಲಿ ಕೊಯ್ದಂತೆ ಚಪ್ಪಟೆ, ಕೇಬಲ್ಲಿಗೋ ಮೋರಿಗೋ ತೋಡಿದಾಗ ಜೆಸಿಬಿ ಕತ್ತರಿಸಿದ್ದು. ಮಿಕ್ಕ ಬೇರು ತಟ್ಟೆಯಂತೆ ಮೇಲ್ಮಣ್ಣಿನಲ್ಲೇ ಹರಡಿಕೊಂಡದ್ದು, ಏಕೆಂದರೆ ಕೆಳಗೆ ಗಾಳಿಯಿಲ್ಲ, ನೀರಿಲ್ಲ. ಬುಡದವರೆಗೂ ಕಾಂಕ್ರೀಟು. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ 2013ರಲ್ಲೇ ಆದೇಶಿಸಿತ್ತು. ಒಂದು ಮೀಟರ್ ಸಾಲದು, ಆದರೆ ಅಷ್ಟಾದರೂ ಇರಲಿ.

ಎಷ್ಟು ಮಣ್ಣು ಬೇಕು? ನಮ್ಮಲ್ಲಿ ಸಸಿ ನೆಡಲು ರೂಢಿಯ ಗುಂಡಿ ಮೂರಡಿ ಉದ್ದ, ಅಗಲ, ಆಳ. ಘನಮೀಟರಿನ ಮುಕ್ಕಾಲು ಪಾಲು. ಬೆಳೆದು ನೆರಳು ಕೊಡುವ ದೊಡ್ಡ ಬೀದಿಮರಕ್ಕೆ ಟೊರಾಂಟೊ ನಗರ ಇಟ್ಟುಕೊಂಡಿರುವ ಅಳತೆ 30 ಘನಮೀಟರ್, ಅಂದರೆ ನಲವತ್ತು ಪಟ್ಟು. ಫುಟ್‌ಪಾತಿನ ಅಡಿಯಲ್ಲಿ ಇಷ್ಟು ಮಣ್ಣು ತುಂಬಿದರೆ ಹಾಸುಗಲ್ಲು ಕುಸಿಯುವುದಿಲ್ಲವೇ ಎಂಬ ಪ್ರಶ್ನೆಗೆ ಸ್ಟಾಕ್‌ಹೋಮ್ ಒಂದು ಜಾಣ ಉತ್ತರ ಕಂಡುಕೊಂಡಿದೆ. ದೊಡ್ಡ ಜಲ್ಲಿಯನ್ನು ಒತ್ತಿ ಕೂರಿಸಿ, ಸಂದುಗಳಿಗೆ ಇದ್ದಿಲು ಬೆರೆಸಿದ ಮಣ್ಣನ್ನು ನೀರಿನೊಡನೆ ಇಳಿಸಿ, ಮೇಲೆ ಹಾಸು ಹಾಕುವುದು. ಭಾರ ಜಲ್ಲಿಯ ಮೇಲೆ, ಬೇರು ಸಂದಿನಲ್ಲಿ. ಮಳೆನೀರೂ ಅದರೊಳಕ್ಕೇ. ಬಡಕಲು ಬೀದಿಮರಗಳು ಈ ಚಿಕಿತ್ಸೆಗೆ ಚಿಗುರಿ ನಿಂತವು. ಅದಕ್ಕೆ ಬೇಕಾದದ್ದು ಜಲ್ಲಿ ಮತ್ತು ಇದ್ದಿಲು, ಎರಡೂ ನಮ್ಮಲ್ಲಿ ಆಮದು ಮಾಡಬೇಕಾದ ಸಾಮಾನಲ್ಲ. ಮರದ ಪಾತಿಯೂ ಮಳೆಯ ಪಾತಿಯೂ ಒಂದಾಗುವುದು ಇಲ್ಲಿಯೇ. ಹೊಳೆದಂಡೆಯಲ್ಲಿ ಬೆಳೆದು ಮಳೆಗಾಲದ ನೆರೆಯನ್ನೂ ಬೇಸಿಗೆಯ ಬರವನ್ನೂ ತಡೆಯುವ ಹೊಂಗೆ, ಹೊಳೆಮತ್ತಿ, ಹೊಳೆದಾಸವಾಳ ಇದಕ್ಕೆ ಒಗ್ಗುತ್ತವೆ, ಅಡಿಯಲ್ಲಿ ಲಾವಂಚ, ಜೇಕು, ಕಾಬಾಳೆ. ತಾಳೆಯ ಜಾತಿಯ ಅಲಂಕಾರದ ಮರಗಳನ್ನು ಹೋಟೆಲಿನ ಅಂಗಳಕ್ಕೆ ಬಿಡೋಣ, ಅವುಗಳ ನೆರಳು ಒಂದು ಕೊಡೆಯಷ್ಟೂ ಇಲ್ಲ.

ದೀಪದ ಬಗ್ಗೆ ಹೇಳಬೇಕಾದ್ದು ಕಡಿಮೆ, ಜಗಳ ಹೆಚ್ಚು. 1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹೊತ್ತಿಸಿಕೊಂಡ ಊರು ಬೆಂಗಳೂರು, ದೇಶದಲ್ಲೇ ಮೊದಲನೆಯದೆಂಬ ಹೆಮ್ಮೆ ಅದರದು. ಈಗಿನ ತಪ್ಪು ಎತ್ತರದ್ದು. ಮೂವತ್ತು ಅಡಿ ಕಂಬ ವಾಹನಕ್ಕೆ ಬೆಳಕು ಕೊಡುವಂಥದ್ದು. ಮರ ಬೆಳೆದಾಗ ಬೆಳಕೆಲ್ಲ ಎಲೆಗಳ ಮೇಲೆ ಬಿದ್ದು ಫುಟ್‌ಪಾತ್ ಕತ್ತಲಾಗುತ್ತದೆ, ಆಗ ಕೊಡಲಿ ಬರುವುದು ಮರಕ್ಕೆ. ನಡೆಯುವವರ ದೀಪ ಕೊಂಬೆಗಳ ಕೆಳಗೆ, ಹನ್ನೆರಡು ಹದಿನೈದು ಅಡಿ ಎತ್ತರದಲ್ಲಿರಬೇಕು. ನಕ್ಷೆ ಬರೆಯುವಾಗಲೇ ಕಂಬ ಮತ್ತು ಮರವನ್ನು ಒಂದು ಬಿಟ್ಟು ಒಂದರಂತೆ ಕೂರಿಸಿದರೆ ಇಪ್ಪತ್ತು ವರ್ಷ ಗರಗಸದ ಖರ್ಚಿಲ್ಲ. ಹಳೆಯ ಸೋಡಿಯಂ ದೀಪದ ಹಳದಿಯಲ್ಲಿ ಸೀರೆಯ ಬಣ್ಣ ತಿಳಿಯುತ್ತಿರಲಿಲ್ಲ ನಿಜ. ಅದರ ಜಾಗಕ್ಕೆ ಬಂದ ಕೊರೆಯುವ ಬಿಳಿ ಎಲ್‌ಇಡಿ ಕಣ್ಣಿಗೆ ಹೊಡೆದು ಎರಡು ಹೆಜ್ಜೆ ಆಚೆಯ ಗುಂಡಿಯನ್ನು ಮರೆಮಾಡುತ್ತದೆ. ಬೀದಿದೀಪ 3,000 ಕೆಲ್ವಿನ್ ಮೀರದ ಬೆಚ್ಚನೆಯ ಬೆಳಕಿನದಾಗಿರಲಿ ಎಂದು ಅಮೆರಿಕದ ವೈದ್ಯಕೀಯ ಸಂಘ 2016ರಲ್ಲಿ ಸಲಹೆ ಕೊಟ್ಟಿತು.

ಬೆಳಕು, ಮರ, ಸುರಕ್ಷತೆ ಕೂಡುವಲ್ಲಿ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಷಿಕಾಗೊದ ಒಂದು ಬಡವರ ವಸತಿ ಸಮುಚ್ಚಯದಲ್ಲಿ 98 ಕಟ್ಟಡಗಳನ್ನು ಹೋಲಿಸಿ, ಸುತ್ತ ಮರಹಸಿರು ಹೆಚ್ಚಿದ್ದ ಕಟ್ಟಡಗಳಲ್ಲಿ ಅಪರಾಧ ಅರ್ಧದಷ್ಟು ಕಡಿಮೆ ಎಂದು ಕುವೊ ಮತ್ತು ಸಲಿವನ್ 2001ರಲ್ಲಿ ಬರೆದರು. ಪೋರ್ಟ್‌ಲ್ಯಾಂಡಿನಲ್ಲಿ ಆಮೇಲೆ ನಡೆದ ಅಧ್ಯಯನ ಒಂದು ತಿದ್ದುಪಡಿ ಸೇರಿಸಿತು: ಎತ್ತರಕ್ಕೆ ಕೊಂಬೆ ಕಟ್ಟಿದ ದೊಡ್ಡ ಮರವಿದ್ದಲ್ಲಿ ಅಪರಾಧ ಕಡಿಮೆ, ನೋಟಕ್ಕೆ ಅಡ್ಡವಾಗುವ ಕುಳ್ಳ ಮರಗಳಿದ್ದಲ್ಲಿ ಹೆಚ್ಚು. ಪಾತಿಯಲ್ಲಿ ಮೊಣಕಾಲೆತ್ತರ ಮೀರಿದ ಪೊದೆ ಬೇಡ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಬೀದಿಗೆ ಕಾವಲು ಜನರ ಕಣ್ಣು, ದೀಪ ಅದಕ್ಕೆ ಸಹಾಯಕ ಮಾತ್ರ ಎಂದು ನಗರಚಿಂತಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ರಾತ್ರಿ ಹತ್ತರವರೆಗೆ ಬಾಳೆಹಣ್ಣು ಮಾರುವ ಹೆಂಗಸು ಕೂತಿರುವ ಮೂಲೆ, ಸಿಸಿಟಿವಿ ಕಂಬದ ಮೂಲೆಗಿಂತ ನಿರ್ಭಯವೆಂದು ಯಾವ ಹುಡುಗಿಯಾದರೂ ಹೇಳುತ್ತಾಳೆ.

ಸುಧಾರಣೆಯ ಹೆಸರಲ್ಲಿ ಮೊದಲು ಎತ್ತಂಗಡಿಯಾಗುವುದು ಆ ಹೆಂಗಸೇ. ಅಂಗಡಿಯವರನ್ನು ಒಪ್ಪಿಸಲು ವಿನ್ಯಾಸಕಾರರು ಒಂದು ಅಂಕಿಯನ್ನು ಮುಂದಿಡುತ್ತಾರೆ: ಮರಗಳಿರುವ ಪೇಟೆಯಲ್ಲಿ ಗಿರಾಕಿ ಶೇಕಡಾ 9ರಿಂದ 12 ಹೆಚ್ಚು ಬೆಲೆ ಕೊಡಲು ಸಿದ್ಧ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವುಲ್ಫ್ ಅವರ ಸಮೀಕ್ಷೆಗಳ ಫಲ ಅದು. ಜನ ಕೊಡಲು ಸಿದ್ಧವೆಂದು ಹೇಳಿದ ಬೆಲೆಯದು, ಗಲ್ಲಾಪೆಟ್ಟಿಗೆಗೆ ಬಿದ್ದ ಹಣವಲ್ಲ. ವ್ಯಾಪಾರ ಏರಿದರೆ ಬಾಡಿಗೆಯೂ ಏರುತ್ತದೆ, ಹಳೆಯ ಪುಸ್ತಕದಂಗಡಿಯ ಜಾಗಕ್ಕೆ ಐಸ್‌ಕ್ರೀಮಿನ ಮಳಿಗೆ ಬರುತ್ತದೆ. ಮರ ನೆಟ್ಟವರ ಕೈಯಲ್ಲಿ ಅದನ್ನು ತಡೆಯುವ ಉಪಾಯವಿಲ್ಲ. ಆದರೆ ಬೀದಿವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ, ನಕ್ಷೆಯಲ್ಲಿ ಅವರಿಗೊಂದು ಜಾಗ ಬರೆಯುವುದು ಕಾನೂನಿಗೆ ಕೊಡುವ ಮರ್ಯಾದೆ. ಪಾತಿಯ ಗೋಡೆಯನ್ನು ಒಂದು ಬದಿಗೆ ಒಂದೂವರೆ ಅಡಿ ಎತ್ತರಿಸಿದರೆ ಕೂರುವ ಕಟ್ಟೆಯಾಗುತ್ತದೆ, ಎರಡು ಪಾತಿಗಳ ನಡುವೆ ಆರಡಿ ಬಿಟ್ಟರೆ ಗಾಡಿಗೆ ತಾವಾಗುತ್ತದೆ, ಸ್ಕೂಟರು ಫುಟ್‌ಪಾತಿಗೆ ಹತ್ತುವುದೂ ತಪ್ಪುತ್ತದೆ.

ಬೆಂಗಳೂರಿನಲ್ಲಿ ನೆಲದಡಿಯಿಂದ ಶುರುಮಾಡಿದ ಕೆಲಸವೆಂದರೆ ಟೆಂಡರ್‌ಶ್ಯೂರ್. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಮಾನದಂಡದಂತೆ ವಿಠ್ಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮೊದಲಾದವನ್ನು 2014-15ರ ಸುಮಾರಿಗೆ ಬಗೆದು ಕಟ್ಟಿದರು. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ಫುಟ್‌ಪಾತಿನಡಿ ಗೊತ್ತಾದ ಜಾಗ, ತೆರೆದು ನೋಡಲು ಮುಚ್ಚಳ, ಮತ್ತೆ ರಸ್ತೆ ಅಗೆಯುವ ಪ್ರಮೇಯವಿಲ್ಲ. ಕಾರಿನವರು ರಸ್ತೆ ಕಿರಿದಾಯಿತೆಂದು ಗೊಣಗಿದರು, ದುಬಾರಿ ಎಂಬ ಟೀಕೆಯೂ ಬಂತು. ಇಂದಿಗೂ ಈ ಊರಿನಲ್ಲಿ ಕೆಳಗೆ ನೋಡದೆ ನಡೆಯಬಹುದಾದ ಫುಟ್‌ಪಾತುಗಳಲ್ಲಿ ಅವು ಸೇರಿವೆ, ಆ ಟೀಕೆಗೆ ಅಷ್ಟೇ ಉತ್ತರ ಸಾಕು. ಅವುಗಳ ಕೊರತೆ ನೀರಿನ ವಿಷಯದಲ್ಲಿದೆ. ಮಳೆನೀರನ್ನು ಆದಷ್ಟು ಬೇಗ ಕೊಳವೆಗಿಳಿಸಿ ಕಳಿಸಿಬಿಡುವ ಹಳೆಯ ಧೋರಣೆಯೇ ಅಲ್ಲಿಯೂ ಮುಖ್ಯ. ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸು ಹೊದ್ದು ಹೊಸದಾಯಿತು, 2020ರ ಕೊನೆಗೆ ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ನೋಡಿದಾಗ ಜನ ಹಬ್ಬದಂತೆ ತುಂಬಿದರು. ಆ ಪ್ರಯೋಗ ನಿಂತುಹೋಯಿತು, ಭಾರದ ವಾಹನಗಳ ಅಡಿ ಕಲ್ಲುಗಳು ಸಡಿಲಾಗಿ ಕಿತ್ತವು, ರಿಪೇರಿ ಮತ್ತೆ ಮತ್ತೆ ಸುದ್ದಿಯಾಯಿತು.

ರಿಪೇರಿಯ ಪ್ರಶ್ನೆಯಲ್ಲೇ ಎಲ್ಲ ಊರುಗಳೂ ಮುಗ್ಗರಿಸುವುದು. ಪೋರ್ಟ್‌ಲ್ಯಾಂಡ್ ಕೂಡ ತನ್ನ ಪಾತಿಗಳಿಗೆ ನಾಗರಿಕ ಸ್ವಯಂಸೇವಕರನ್ನು ಕಟ್ಟಿಕೊಂಡು ಎಲೆ-ಕಸ ತೆಗೆಸುತ್ತದೆ. ನಮ್ಮಲ್ಲಿ ಬೆಳಗಿನ ಐದೂವರೆಗೆ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಮೋರಿಯ ಜಾಲರಿಯೇ ಕಸ ತಳ್ಳುವ ಬಾಯಿ, ಅವರಿಗೆ ಕೊಟ್ಟ ಗಾಡಿಯಲ್ಲಿ ಮಣ್ಣಿಗೆ ಜಾಗವಿಲ್ಲದಿರುವಾಗ ಇನ್ನೇನು ಮಾಡಿಯಾರು? ಪಾತಿಯ ಕಿಂಡಿಯೂ ಅವರಿಗೆ ಹಾಗೆಯೇ ಕಾಣುತ್ತದೆ. ಅವರನ್ನು ಕರೆದು ಇದೇನೆಂದು ತೋರಿಸಿ, ಹೂಳೆತ್ತುವುದಕ್ಕೆ ಬೇರೆ ಕೂಲಿ ಕೊಡದೆ ಕಟ್ಟಿದ ಪಾತಿ ಎರಡನೇ ಮಳೆಗಾಲಕ್ಕೆ ಕಸದ ತೊಟ್ಟಿ.

2025ರ ಸೆಪ್ಟೆಂಬರಿನಿಂದ ಬೆಂಗಳೂರು ಒಂದು ಪಾಲಿಕೆ ಹೋಗಿ ಐದಾಗಿದೆ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಜಲಮಂಡಳಿ, ಬೆಸ್ಕಾಂ ಅವುಗಳ ಪಾಡಿಗೆ ಪ್ರತ್ಯೇಕ. ಬೀದಿಯಂಚಿನ ಐದಡಿಗೆ ಒಡೆಯರು ಇನ್ನಷ್ಟು ಹೆಚ್ಚುವರೋ, ಚಿಕ್ಕ ಪಾಲಿಕೆಯಲ್ಲಿ ಒಂದೇ ಮೇಜಿಗೆ ಬರುವರೋ ಎಂಬುದು ಮೊದಲ ಅಂದಾಜುಪಟ್ಟಿಗಳಲ್ಲೇ ತಿಳಿಯುತ್ತದೆ. ಅಂಥ ಪಟ್ಟಿ ಕೈಗೆ ಬಂದರೆ ನಾನು ಗ್ರಾನೈಟಿನ ದರ ನೋಡುವುದಿಲ್ಲ. ಮರವೊಂದಕ್ಕೆ ಎಷ್ಟು ಘನಮೀಟರ್ ಮಣ್ಣು ಬರೆದಿದ್ದಾರೆ, ಕರ್ಬ್ ಕಲ್ಲಿನ ಕಿಂಡಿಗಳು ಎಷ್ಟು, ದೀಪದ ಕಂಬದ ಗುರುತೂ ಮರದ ಗುರುತೂ ಒಂದೇ ಹಾಳೆಯಲ್ಲಿವೆಯೇ, ಮೂರು ಮಳೆಗಾಲ ಹೂಳೆತ್ತುವ ಕೂಲಿ ಗುತ್ತಿಗೆಯಲ್ಲಿ ಸೇರಿದೆಯೇ, ಮೂರನೆಯ ಮಳೆಗಾಲ ಕಳೆದು ಮರ ಬದುಕಿದ್ದರೆ ಮಾತ್ರ ಕೊನೆಯ ಕಂತು ಎಂಬ ಷರತ್ತು ಇದೆಯೇ, ಈ ಐದು ಸಾಲುಗಳನ್ನು ಹುಡುಕುತ್ತೇನೆ.